ಗ್ಯಾರೇಜಿನಲ್ಲಿ ಇಲಿ, ಹೆಗ್ಗಣ, ಆನೆ

ಗ್ಯಾರೇಜಿನ ಬಾಗಿಲು ಗಡಗಡ ಸದ್ದು ಮಾಡುತ್ತ ಮೇಲೆ ಸರಿಯಿತು. ಒಳಗೆ ಕಾರೇ ಇಲ್ಲ!

ಇದ್ದದ್ದೆಲ್ಲ ಎಂಜಿನ್ನು. ಎಣಿಸಿದೆ, ಹನ್ನೊಂದು. ನಾಲ್ಕು ಚಕ್ರದ ಕಬ್ಬಿಣದ ಸ್ಟ್ಯಾಂಡಿಗೆ ಬೆನ್ನು ಕೊಟ್ಟು ಕೆಲವು ನೆಲ ಮುಟ್ಟದೆ ನಿಂತಿದ್ದವು. ಎರಡು ಹಳೇ ಟೈರುಗಳ ಮೇಲೆ ಕಾವಿಗೆ ಕೂತ ಕೋಳಿಗಳ ಹಾಗೆ ಕೂತಿದ್ದವು. ಒಂದು ಮಾತ್ರ ಮೂಲೆಯಲ್ಲಿ ಕಂಬಳಿ ಹೊದ್ದುಕೊಂಡಿತ್ತು. ಗ್ರೀಸು, ಹಳೇ ಪೆಟ್ರೋಲು, ತುಕ್ಕು ಎಲ್ಲ ಬೆರೆತ ವಾಸನೆ ಮೂಗಿಗೆ ಬಡಿಯಿತು. ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ, ಪೊಮೋನಾ ಪಟ್ಟಣದ ಆಸುಪಾಸಿನ ಸಾಧಾರಣ ಬೀದಿ ಅದು. ತಮ್ಮನ ಮನೆಗೆಂದು ಹೋದವನನ್ನು ಪಕ್ಕದ ಮನೆಯ ಎಪ್ಪತ್ತು ದಾಟಿದ ಯಜಮಾನರು ಕಾಫಿಗೆ ಕರೆದಿದ್ದರು. ಕಾಫಿ ಆರಿ ತಣ್ಣಗಾಯಿತು. ಮೂರು ಗಂಟೆ ನಾನು ಆ ಗ್ಯಾರೇಜಿನಿಂದ ಹೊರಗೆ ಬರಲಿಲ್ಲ!

ಮನೆಯ ಕಾರು ಬಿಸಿಲಲ್ಲಿ, ಬೀದಿಯಲ್ಲಿ ನಿಂತಿತ್ತು. ನೆರಳು ಎಂಜಿನ್‌ಗಳಿಗೆ ಮೀಸಲು. ಅವರ ಲೆಕ್ಕದಲ್ಲಿ ಇವು ಬಿಡಿಭಾಗಗಳಲ್ಲ, ಇನ್ನೂ ಹುಟ್ಟದ ಕಾರುಗಳು. ಪ್ರತಿಯೊಂದಕ್ಕೂ ಯಾವ ವರ್ಷದ, ಯಾವ ಮೈಕಟ್ಟಿನ ಕಾರು ಜೋಡಿ ಎಂಬುದು ಅವರ ತಲೆಯಲ್ಲಿ ಆಗಲೇ ನಿಶ್ಚಯವಾಗಿದೆ.

ಹಾಟ್ ರಾಡ್ ಎಂದರೇನು ಎಂಬುದು ನನಗೆ ಅರ್ಥವಾಗಿದ್ದು ಅಲ್ಲೇ. 1930ರ ದಶಕದ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಚಿಲ್ಲರೆ ಕಾಸಿಗೆ ಹಳೇ ಫೋರ್ಡ್ ಕೊಂಡು, ಮಡ್‌ಗಾರ್ಡು, ಬಾನೆಟ್ಟು, ಮೇಲ್ಛಾವಣಿ ಎಲ್ಲ ಕಿತ್ತೆಸೆದು, ಎಂಜಿನ್ನಿನ ಹೊಟ್ಟೆ ಬಗೆದು ಬಲ ತುಂಬಿ, ಮ್ಯೂರಾಕ್, ಎಲ್ ಮಿರಾಜ್ ಎಂಬ ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. 1937ರಲ್ಲಿ ಅವರ ಕ್ಲಬ್ಬುಗಳೆಲ್ಲ ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿದವು. ಯುದ್ಧ ಮುಗಿದ ಮೇಲೆ, 1949ರಲ್ಲಿ, ಯೂಟಾ ರಾಜ್ಯದ ಬಾನವಿಲ್ ಉಪ್ಪು ಬಯಲಿಗೂ ನುಗ್ಗಿದರು. ಒಂದು ಕಾರಿನ ಮೈಗೆ ಇನ್ನೊಂದರ ಹೃದಯ ಕೂರಿಸುವುದೇ ಈ ಕಲೆಯ ಜೀವಾಳ. ಹಾಗಿದ್ದಮೇಲೆ ಗ್ಯಾರೇಜಿನಲ್ಲಿ ಹೆಚ್ಚುವರಿ ಹೃದಯಗಳು ಇರಬೇಡವೇ?

ಇನ್ನು ಆ ಎಂಜಿನ್‌ಗಳ ಅಡ್ಡಹೆಸರುಗಳನ್ನು ಕೇಳಿ! 1955ರಲ್ಲಿ ಷೆವರ್ಲೆ ಹೊರತಂದ 265 ಘನ ಇಂಚಿನ, ಅಂದರೆ 4.3 ಲೀಟರಿನ ಪುಟ್ಟ ವಿ-8ಗೆ ಇಲಿ ಎಂದು ಹೆಸರು. ಹತ್ತು ವರ್ಷ ಬಿಟ್ಟು ಅದೇ ಕಂಪನಿಯ ದೊಡ್ಡ ವಿ-8 ಬಂತು, ಅದು ಹೆಗ್ಗಣ. ಕ್ರೈಸ್ಲರ್‌ನ 426 ಘನ ಇಂಚಿನ ಹೆಮಿ ಆನೆ! ಈ ಆನೆ 1964ರಲ್ಲಿ ಡೇಟೋನಾ 500 ರೇಸಿಗೆ ಕಾಲಿಟ್ಟ ಮೊದಲ ಸಲವೇ ಮೊದಲ ಮೂರೂ ಸ್ಥಾನ ಗುಡಿಸಿಕೊಂಡು ಹೋಯಿತು. ಬ್ಯೂಯಿಕ್‌ನ ವಾಲ್ವ್‌ಗಳು ಸಣ್ಣಗೆ, ನೆಟ್ಟಗೆ ಮೊಳೆ ಹೊಡೆದಂತೆ ನಿಲ್ಲುವುದರಿಂದ ಅದಕ್ಕೆ ಮೊಳೆತಲೆ ಎಂಬ ಹೆಸರು. ಇಲಿಯನ್ನು ಹೊಕ್ಕುಳು ಅಂತಲೂ ಕರೆಯುತ್ತಾರಂತೆ, ಹೊಕ್ಕುಳಿಲ್ಲದ ಮನುಷ್ಯರಿಲ್ಲವಲ್ಲ! ಆ ವಂಶದ ಸಂತಾನ ಎಷ್ಟು ಗೊತ್ತೆ? 2011ರ ಹೊತ್ತಿಗೆ ಷೆವರ್ಲೆಯ ಒಡೆತನದ ಜನರಲ್ ಮೋಟರ್ಸ್ ಈ ಪುಟ್ಟ ಜಾತಿಯ, ಅಂದರೆ ಸ್ಮಾಲ್ ಬ್ಲಾಕ್, ವಿ-8ಗಳಲ್ಲಿ ತನ್ನ ಹತ್ತು ಕೋಟಿಯನೆಯದನ್ನು ತಯಾರಿಸಿತ್ತು.

ಆದರೆ ಯಜಮಾನರ ಕೈ ಮತ್ತೆ ಮತ್ತೆ ಹೋಗುತ್ತಿದ್ದುದು ಬೇರೆ ಕಡೆಗೆ. ಗೋಡೆಗುಂಟ ನಿಂತ ನಾಲ್ಕು ಫ್ಲ್ಯಾಟ್‌ಹೆಡ್‌ಗಳತ್ತ. ನನ್ನ ಮನಸ್ಸನ್ನು ಕದ್ದದ್ದೂ ಅವೇ.

1932ರಲ್ಲಿ ಹೆನ್ರಿ ಫೋರ್ಡ್ ಜಗತ್ತಿಗೆ ತೋರಿಸಿದ ವಿ-8 ಇದು. ಎಂಟು ಸಿಲಿಂಡರಿನ ಎಂಜಿನ್ನು ಅಲ್ಲಿಯವರೆಗೆ ಸಿರಿವಂತರ ಸೊತ್ತು. ಅದರ ಬ್ಲಾಕನ್ನು ತುಂಡುತುಂಡಾಗಿ ಎರಕ ಹೊಯ್ದು ಬೋಲ್ಟಿನಿಂದ ಜೋಡಿಸುವುದೇ ವಾಡಿಕೆಯಾಗಿತ್ತು. ಫೋರ್ಡ್ ಹಟ ಹಿಡಿದದ್ದು ಇಡೀ ಬ್ಲಾಕು ಒಂದೇ ಎರಕದಲ್ಲಿ ಬರಬೇಕೆಂದು. ಎಂಟು ಸಿಲಿಂಡರು, ಹದಿನಾರು ವಾಲ್ವ್‌ಗಳ ಗೂಡು, ನೀರು ಹರಿಯುವ ಸುರಂಗಗಳು, ಹೊಗೆ ಹೋಗುವ ದಾರಿಗಳು, ಎಲ್ಲವೂ ಮರಳಿನ ಅಚ್ಚುಗಳ ನಡುವೆ ಕಾದ ಕಬ್ಬಿಣ ಒಂದೇ ಸಲ ಹರಿದು ಮೂಡಬೇಕು. ಅಚ್ಚು ಕೂದಲೆಳೆಯಷ್ಟು ಜರುಗಿದರೂ ಬ್ಲಾಕು ಗುಜರಿಗೆ! ಮೊದಮೊದಲು ರಾಶಿ ರಾಶಿ ಬ್ಲಾಕು ಹಾಗೆ ಹಾಳಾದವು. ಕೊನೆಗೆ ಗೆದ್ದರು. 221 ಘನ ಇಂಚು, 65 ಅಶ್ವಶಕ್ತಿ, ಕಾರಿನ ಆರಂಭದ ಬೆಲೆ 500 ಡಾಲರಿಗೂ ಕಡಿಮೆ. ಬಡ ಹುಡುಗನ ಕೈಗೆ ವಿ-8 ಸಿಕ್ಕಿದ್ದು ಹೀಗೆ.

ಅಮೆರಿಕದ ಫೋರ್ಡ್ ಕಾರುಗಳಲ್ಲಿ 1953ರ ಮಾಡೆಲ್ಲಿಗೆ ಇದರ ಕಥೆ ಮುಗಿಯಿತು. ಉಳಿದಿರುವ ಹಳೇ ಬ್ಲಾಕುಗಳ ಪೈಕಿ ಬಿರುಕಿಲ್ಲದವು ಅಪರೂಪ. ಕಾರಣ ಅದರ ಹುಟ್ಟಿನಲ್ಲೇ ಇದೆ. ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲೇ ಬ್ಲಾಕಿನೊಳಗೆ ಹುದುಗಿರುವುದರಿಂದ ಹೆಡ್ ಬರೀ ಚಪ್ಪಟೆ ಮುಚ್ಚಳ, ಫ್ಲ್ಯಾಟ್‌ಹೆಡ್ ಎಂಬ ಹೆಸರು ಅದರಿಂದಲೇ ಬಂತು. ಸುಡುವ ಹೊಗೆ ಹೊರಹೋಗಬೇಕಾದರೆ ಬ್ಲಾಕಿನ ಮೈಯೊಳಗೇ ಹಾದು ಹೋಗಬೇಕು. ನೀರು ಕುದಿಯುತ್ತದೆ, ಕಬ್ಬಿಣ ಉಬ್ಬಿ ಕುಗ್ಗುತ್ತದೆ, ವಾಲ್ವಿನ ಕುಳಿಗೂ ಸಿಲಿಂಡರಿಗೂ ನಡುವಿನ ತೆಳು ಗೋಡೆ ಸೀಳುತ್ತದೆ.

ಆ ಸೀಳು ಬರಿಗಣ್ಣಿಗೆ ಕಾಣುವುದಿಲ್ಲ. ಯಜಮಾನರು ಬ್ಲಾಕಿನ ಹಿಂಬದಿಯ ಉಬ್ಬಕ್ಷರದ ಮೇಲೆ ಸೀಮೆಸುಣ್ಣ ಉಜ್ಜಿದರು. 59 ಎಂಬ ಅಂಕಿ ಬೆಳ್ಳಗೆ ಎದ್ದು ಬಂತು, ಯುದ್ಧದ ಬೆನ್ನಿಗೆ ಹುಟ್ಟಿದ ಬ್ಲಾಕು. ಆಮೇಲೆ ಎರಡು ಕಾಲಿನ ವಿದ್ಯುತ್ ಅಯಸ್ಕಾಂತವನ್ನು ಸಿಲಿಂಡರಿನ ಅಂಚಿಗೆ ಊರಿ ಸ್ವಿಚ್ ಒತ್ತಿದರು. ರಬ್ಬರ್ ಬುಗ್ಗೆಯಿಂದ ಕಬ್ಬಿಣದ ಪುಡಿಯನ್ನು ಅರಿಶಿನ ಉದುರಿಸಿದಂತೆ ಉದುರಿಸಿದರು. ಉಫ್ ಎಂದು ಮೆಲ್ಲಗೆ ಊದಿದರು. ಪುಡಿಯೆಲ್ಲ ಹಾರಿತು, ಒಂದು ಕಡೆ ಮಾತ್ರ ಹಾರಲಿಲ್ಲ. ವಾಲ್ವಿನ ಕುಳಿಯಿಂದ ಸಿಲಿಂಡರಿನ ಬಾಯಿಗೆ ಸರಿಯಾಗಿ ಒಂದು ಗೆರೆ! ಇಷ್ಟು ಹೊತ್ತು ನಾನು ಬೆರಳಾಡಿಸಿದ ಜಾಗವೇ ಅದು, ನುಣ್ಣಗಿತ್ತು, ಏನೂ ಇರಲಿಲ್ಲ. ಬಿರುಕಿನ ಬಾಯಲ್ಲಿ ಅಯಸ್ಕಾಂತದ ಬಲ ಹೊರಗೆ ಸೋರಿ ಪುಡಿಯನ್ನು ಕಚ್ಚಿ ಹಿಡಿಯುತ್ತದಂತೆ. ಮೈ ಜುಮ್ಮೆಂದಿತು.

ಹಾಗಾದರೆ ಇದು ಗುಜರಿಗೆ ತಾನೆ ಎಂದೆ. ಅವರು ಪುಟ್ಟ ಡಬ್ಬಿ ತೆರೆದು ಕಿರುಬೆರಳಿಗಿಂತ ಸಣ್ಣ ಲೋಹದ ತಿರುಪುಗಳನ್ನು ಅಂಗೈಗೆ ಸುರಿದರು. ಬಿರುಕಿನುದ್ದಕ್ಕೂ ತೂತು ಕೊರೆದು, ಒಂದು ತಿರುಪಿನ ಅಂಚನ್ನು ಮುಂದಿನದು ಕಚ್ಚುವಂತೆ ಬಿಗಿಯುತ್ತ ಹೋಗುವುದು. ಕಬ್ಬಿಣಕ್ಕೆ ಹೊಲಿಗೆ! ಎಂಬತ್ತು ವರ್ಷದ ಕಬ್ಬಿಣಕ್ಕೆ! ಹೀಗೆ ಹೊಲಿದು, ಸಾಣೆ ಹಿಡಿದು, ಬಲಪಡಿಸಿದ ಫ್ಲ್ಯಾಟ್‌ಹೆಡ್‌ಗಳಿಗೆ ಬಾನವಿಲ್‌ನಲ್ಲಿ ಇಂದಿಗೂ ಪ್ರತ್ಯೇಕ ವರ್ಗವಿದೆ, ಮತ್ತು ಈ 65 ಅಶ್ವಶಕ್ತಿಯ ವಂಶದ್ದೇ ಎಂಜಿನ್ನು ಅಲ್ಲಿ ಗಂಟೆಗೆ 300 ಮೈಲಿಯನ್ನೂ ದಾಟಿದೆ. 480 ಕಿಲೋಮೀಟರಿಗೂ ಮಿಗಿಲು!

ಯಾರಿಗೂ ಬೇಡವಾದ ಎಂಜಿನ್ನಿನೊಳಗೆ ಏನಿದೆಯೋ ಯಾರು ಬಲ್ಲರು? ಒಹಾಯೋದ ಆಕ್ರನ್ ಊರಿನ ಆರ್ಟ್ ಆರ್ಫನ್ಸ್ ಪೆಟ್ಟು ತಿಂದ ಒಂದು ಜೆಟ್ ಎಂಜಿನ್ನನ್ನೇ ಗುಜರಿಯಿಂದ ಕೊಂಡು ತಂದಿದ್ದರು. ಸ್ಟಾರ್‌ಫೈಟರ್ ಯುದ್ಧವಿಮಾನಕ್ಕೆ ಕೂರಿಸುತ್ತಿದ್ದ ಜೆ-79 ಅದು. ಅದನ್ನು ತಾವೇ ಬಿಚ್ಚಿ ರಿಪೇರಿ ಮಾಡಿ ಗ್ರೀನ್ ಮಾನ್‌ಸ್ಟರ್ ಎಂಬ ಕಾರಿಗೆ ಕಟ್ಟಿದರು. 1965ರ ನವೆಂಬರ್ 7ರಂದು ಅದು ಬಾನವಿಲ್ ಉಪ್ಪಿನ ಮೇಲೆ ಗಂಟೆಗೆ 576 ಮೈಲಿ ವೇಗದಲ್ಲಿ ಹಾರಿ ವಿಶ್ವದಾಖಲೆ ಬರೆಯಿತು. ಅದೇ ತಿಂಗಳು, ಅದೇ ಉಪ್ಪಿನ ಮೇಲೆ, ಕ್ಯಾಲಿಫೋರ್ನಿಯಾದ ಸಮ್ಮರ್ಸ್ ಸಹೋದರರು ನಾಲ್ಕು ಹೆಮಿಗಳನ್ನು ಸಾಲಾಗಿ ಪೋಣಿಸಿದ ಗೋಲ್ಡನ್‌ರಾಡ್ ಕಾರನ್ನು 409 ಮೈಲಿ ವೇಗಕ್ಕೆ ಒಯ್ದರು. ನಾಲ್ಕು ಎಂಜಿನ್ನು, ಒಂದೇ ಕಾರು! ಆ ಗ್ಯಾರೇಜಿನಲ್ಲಿ ನಿಂತು ಇದನ್ನು ಕೇಳಿದ ಮೇಲೆ ಹನ್ನೊಂದು ಎಂಬ ಸಂಖ್ಯೆ ನನಗೆ ಹೆಚ್ಚೆನಿಸಲಿಲ್ಲ.

ಕೂಡಿಡುವ ಆತುರಕ್ಕೆ ಇನ್ನೊಂದು ಕಾರಣವನ್ನೂ ಕೇಳಿದೆ, ಅದು ನೋವಿನದು. 2009ರಲ್ಲಿ ಅಮೆರಿಕದ ಸರ್ಕಾರ ಹೆಚ್ಚು ಪೆಟ್ರೋಲು ಕುಡಿಯುವ ಕಾರು ಕೊಟ್ಟು ಹೊಸದು ಕೊಂಡವರಿಗೆ ಹಣ ಕೊಟ್ಟಿತು. ಸುಮಾರು 6.8 ಲಕ್ಷ ವಾಹನಗಳು ಹಾಗೆ ಬಂದವು. ಆ ಎಂಜಿನ್‌ಗಳು ಮತ್ತೆಂದೂ ಓಡಬಾರದೆಂಬುದು ನಿಯಮ. ಆಯಿಲ್ ಬಸಿದು, ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು, ಎಂಜಿನ್ನನ್ನು ಚಾಲೂ ಮಾಡಿ ಬಿಡುವುದು. ದ್ರಾವಣ ಬಿಸಿಗೆ ಆರಿ ಗಾಜಿನ ಹಾಗೆ ಗಟ್ಟಿಯಾಗಿ, ಬೇರಿಂಗುಗಳು ಕಚ್ಚಿಕೊಂಡು, ಕೆಲವೇ ನಿಮಿಷಕ್ಕೆ ಎಂಜಿನ್ನು ನಿಂತುಬಿಡುತ್ತದೆ. ಅವುಗಳಲ್ಲಿ ಎಷ್ಟೋ ಇಲಿಗಳಿದ್ದವು. ಇದನ್ನು ಹೇಳುವಾಗ ಯಜಮಾನರು ಮಾತು ನಿಲ್ಲಿಸಿ, ಪಕ್ಕದ ಸ್ಟ್ಯಾಂಡಿನ ಮೇಲಿದ್ದ ಷೆವರ್ಲೆಯನ್ನು ಚಿಂದಿಬಟ್ಟೆಯಿಂದ ಒರೆಸತೊಡಗಿದರು. ನಮ್ಮ ರೈತರು ಬಿತ್ತನೆ ಬೀಜವನ್ನು ಎಂಥ ಬರದಲ್ಲೂ ತಿನ್ನದೆ ಎತ್ತಿಡುತ್ತಿದ್ದುದು ನನಗೆ ನೆನಪಾಯಿತು.

ಕೊನೆಗೆ ಮೂಲೆಯ ಕಂಬಳಿ ಸರಿಸಿದರು. ಐದನೆಯ ಫ್ಲ್ಯಾಟ್‌ಹೆಡ್! ಯಾವುದೋ ತೋಟದ ಮರದಡಿ ಮಳೆಗೆ ನೆನೆದು ಬಿದ್ದಿದ್ದದ್ದು, ಪಿಸ್ಟನ್‌ಗಳು ಸಿಲಿಂಡರಿಗೆ ತುಕ್ಕು ಹಿಡಿದು ಅಂಟಿಕೊಂಡಿದ್ದವು. ಗೇರ್‌ಬಾಕ್ಸ್ ಎಣ್ಣೆಗೆ ಅಸಿಟೋನ್ ಬೆರೆಸಿ ಎಂಟೂ ಸಿಲಿಂಡರಿಗೆ ಸುರಿದು ಆರು ವಾರ ಕಾದಿದ್ದರಂತೆ. ದಿನಕ್ಕೊಂದು ಸಲ ಬಂದು, ಕ್ರ್ಯಾಂಕಿನ ಮುಂದಿನ ನಟ್ಟಿಗೆ ಮಾರುದ್ದದ ಹಿಡಿ ಹಾಕಿ ಒತ್ತಿ ನೋಡಿ, ಅಲುಗದಿದ್ದರೆ ಬಲವಂತ ಮಾಡದೆ ಹಾಗೇ ಬಿಟ್ಟು ಹೋಗುವುದು. ಬಲವಂತ ಮಾಡಿದರೆ ಪಿಸ್ಟನ್ ಮುರಿಯುತ್ತದೆ.

ಅವತ್ತಿನ ಸರದಿ ನನಗೆ ಕೊಟ್ಟರು. ಹಿಡಿಯ ಮೇಲೆ ಮೈಭಾರ ಹಾಕಿದೆ. ಏನೂ ಇಲ್ಲ. ಇನ್ನೊಮ್ಮೆ. ಕಬ್ಬಿಣದ ಆಳದಲ್ಲೆಲ್ಲೋ ಕಿರ್ ಎಂದಿತು. ಅವರು ಥಟ್ಟನೆ ಬಗ್ಗಿ ಟಾರ್ಚು ಹಿಡಿದರು. ಸಿಲಿಂಡರಿನ ಗೋಡೆಯ ಮೇಲೆ, ಕೆಂಪು ಎಣ್ಣೆಯ ಅಂಚಿನಲ್ಲಿ, ಅಕ್ಕಿಕಾಳಿನಗಲದ ಹೊಳೆಯುವ ಪಟ್ಟಿ ಕಾಣಿಸಿತು. ಪಿಸ್ಟನ್ ಕೆಳಗೆ ಸರಿದಿತ್ತು. ಪಕ್ಕದ್ದರಲ್ಲಿ ಎಣ್ಣೆ ಅಷ್ಟೇ ಮೇಲೆ ಬಂದಿತ್ತು.

ಅವರು ಬೀದಿಯತ್ತ ತಿರುಗಿ ಹೆಂಡತಿಯನ್ನು ಕೂಗಿ ಕರೆದರು.