ಚನ್ನಪಟ್ಟಣದ ಗೊಂಬೆ ಕೊಳ್ಳೋಕೆ ಮುಂಚೆ

ಎಂಎಸ್ ಮಾಡೋಕೆ ಹೊರದೇಶಕ್ಕೆ ಹೊರಟ ಸೀನಿಯರ್‌ಗಳು ಅಲ್ಲಿನವರಿಗೆ ಕೊಡೋಕೆ ನಮ್ಮ ಕಡೆಯದ್ದು ಏನಾದ್ರೂ ಬೇಕು ಅಂದಾಗ ಥಟ್ಟನೆ ನೆನಪಾಗೋದು ಚನ್ನಪಟ್ಟಣದ ಗೊಂಬೆ. ಆದ್ರೆ ಆ ಹೆಸರಲ್ಲಿ ಮಾರಾಟವಾಗೋದೆಲ್ಲ ಚನ್ನಪಟ್ಟಣದ್ದಲ್ಲ. ಆಗ್ರಾದಲ್ಲಿ ಅಮೃತಶಿಲೆಯ ಕುಸುರಿ ಅಂತ ಹೇಳಿ ಮೆತ್ತನೆಯ ಬಳಪದ ಕಲ್ಲಿನ ಡಬ್ಬಿ ಮಾರೋ ಹಾಗೆ, ಇಲ್ಲೂ ಅಚ್ಚಿನಲ್ಲಿ ಮಾಡಿದ ಅಗ್ಗದ ಆಟಿಕೆ ಬೆರೆತಿರುತ್ತೆ. ವ್ಯತ್ಯಾಸ ಗುರುತಿಸೋಕೆ ಗೊಂಬೆ ಹೇಗೆ ತಯಾರಾಗುತ್ತೆ ಅಂತ ತಿಳಿದ್ರೆ ಸಾಕು.

ಹಳೇ ಪದ್ಧತಿಯಲ್ಲಿ ಇದಕ್ಕೆ ಬಳಸೋದು ಆಲೆ ಮರ (ಆಲದ ಮರ ಅಲ್ಲ!). ಬಿಳಿ ಬಣ್ಣದ, ನುಣುಪಾದ ಮರ ಇದು. ತುಂಡು ಮಾಡಿ ಕೆಲವು ತಿಂಗಳು ಒಣಗಿಸ್ತಾರೆ. ಆಮೇಲೆ ಲೇತ್‌ಗೆ ಕಟ್ಟಿ, ಉಳಿ ಹಿಡಿದು ಆಕಾರ ಕೊಡ್ತಾರೆ. ನಮ್ಮ ವರ್ಕ್‌ಶಾಪ್‌ನಲ್ಲಿ ಮಾಡಿದ ಟರ್ನಿಂಗ್ ಕೆಲಸವೇ ಇದು.

ಇಲ್ಲಿ ಮಜಾ ಇರೋದು ಬಣ್ಣ ಹಚ್ಚೋದರಲ್ಲಿ. ಬ್ರಷ್ ಇಲ್ಲ, ಸ್ಪ್ರೇ ಇಲ್ಲ. ಅರಗಿನ ಹುಳು ಸುರಿಸೋ ಅರಗಿಗೆ ಬಣ್ಣ ಬೆರೆಸಿ ಕಡ್ಡಿ ಮಾಡಿರ್ತಾರೆ. ತಿರುಗ್ತಾ ಇರೋ ಮರಕ್ಕೆ ಆ ಕಡ್ಡಿಯನ್ನ ಒತ್ತಿದ್ರೆ ಘರ್ಷಣೆಯ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತೆ. ಬೇರೆ ಒಲೆಯೇ ಬೇಡ! ಕೊನೆಗೆ ಕೇದಿಗೆ ಜಾತಿಯ ಗಿಡದ ಒಣ ಎಲೆಯಿಂದ ಉಜ್ಜಿದಾಗ ಹೊಳಪು ಬರುತ್ತೆ.

ಈಗ ಅಂಗಡಿಯಲ್ಲಿ ಗೊಂಬೆಯನ್ನ ತಿರುಗಿಸಿ ನೋಡಿ. ಲೇತ್‌ನಲ್ಲಿ ಮಾಡಿದ ಭಾಗ ದುಂಡಗಿರುತ್ತೆ, ಬಣ್ಣದ ಪಟ್ಟೆಗಳು ಸುತ್ತಲೂ ಬಳೆಯ ಹಾಗೆ ಇರುತ್ತವೆ. ಕಣ್ಣು, ಮೂಗು ಮಾತ್ರ ಆಮೇಲೆ ಬ್ರಷ್‌ನಲ್ಲಿ ಬರೆದಿರಬಹುದು. ಎರಡು ಅರ್ಧ ಸೇರಿಸಿದ ಗೆರೆ ಕಂಡ್ರೆ ಅದು ಅಚ್ಚಿನದ್ದು. ಒಂದೇ ಥರದ ಎರಡು ಗೊಂಬೆ ಪಕ್ಕಪಕ್ಕ ಇಟ್ಟಾಗ ಕೂದಲೆಳೆಯಷ್ಟಾದ್ರೂ ವ್ಯತ್ಯಾಸ ಇದ್ರೆ ಬೇಜಾರು ಮಾಡ್ಕೋಬೇಡಿ, ಅದು ಕೈಯ ಗುರುತು. ಇನ್ನೊಂದು ಮಾತು: ಈಗ ರಬ್ಬರ್ ಮರವನ್ನೂ ಬಳಸ್ತಾರೆ, ಎಲ್ಲ ಬಣ್ಣವೂ ಅರಿಶಿನ, ನೀಲಿ ಗಿಡದಂಥ ಸಸ್ಯಮೂಲದ್ದೇ ಆಗಿರಲ್ಲ. ಚಿಕ್ಕ ಮಕ್ಕಳಿಗೆ ಕೊಡೋದಾದ್ರೆ ಯಾವ ಬಣ್ಣ ಅಂತ ಕೇಳಿಯೇ ತಗೊಳ್ಳಿ.

ಚನ್ನಪಟ್ಟಣದ ಗೊಂಬೆಗೆ ಜಿಐ ಮಾನ್ಯತೆ ಸಿಕ್ಕಿ ಸುಮಾರು 20 ವರ್ಷ ಆಯ್ತು. ಅಂದ್ರೆ ಬೇರೆ ಕಡೆ ಮಾಡಿದ್ದಕ್ಕೆ ಈ ಹೆಸರು ಹಾಕುವಂತಿಲ್ಲ. ಐಎಸ್ಐ ಗುರುತಿನ ವಿಷಯದಲ್ಲಿ ಹಲವರಿಗೆ ಗೊಂದಲ ಇದೆ. 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ ನಿಜ. ಆದ್ರೆ ನೋಂದಾಯಿತ ಕುಶಲಕರ್ಮಿಗಳು ತಾವೇ ಮಾಡಿ ಮಾರೋ ಗೊಂಬೆಗೆ ವಿನಾಯಿತಿ ಇದೆ. ಹಾಗಾಗಿ ಆ ಗುರುತು ಇಲ್ಲ ಅಂದ ಮಾತ್ರಕ್ಕೆ ಗೊಂಬೆ ನಕಲಿ ಅಲ್ಲ.

ಕೊಂಡ ಮೇಲೆ ಸ್ಯಾನಿಟೈಸರ್ ಹಾಕಿ ಒರೆಸೋಕೆ ಹೋಗ್ಬೇಡಿ! ಅರಗು ಆಲ್ಕೋಹಾಲ್‌ನಲ್ಲಿ ಕರಗುತ್ತೆ, ಹೊಳಪೆಲ್ಲ ಹೋಗುತ್ತೆ. ಬಿಸಿನೀರೂ ಆಗಲ್ಲ. ಒಣ ಬಟ್ಟೆ ಸಾಕು.

ಇಷ್ಟೆಲ್ಲ ನೋಡಿ ಯಾಕೆ ಕೊಳ್ಳಬೇಕು? ಮುಂಚೆ ಬೆಂಗಳೂರು–ಮೈಸೂರು ದಾರಿ ಚನ್ನಪಟ್ಟಣದ ಒಳಗೇ ಹೋಗ್ತಿತ್ತು. ಕಾಫಿಗೆ ನಿಂತವರು ಒಂದು ಗೊಂಬೆ ತಗೊಂಡು ಹೋಗ್ತಿದ್ರು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ ಎರಡನ್ನೂ ಬಳಸಿಕೊಂಡು ಹೋಗುತ್ತೆ. ನಮಗೆ ಸಮಯ ಉಳೀತು, ಹಳೇ ರಸ್ತೆಯ ಅಂಗಡಿಗಳಿಗೆ ಗಿರಾಕಿ ಕಮ್ಮಿ ಆದ್ರು. ಈಗ ಬರೋ ಒಬ್ಬೊಬ್ಬ ಗಿರಾಕಿಯೂ ಮುಖ್ಯ. ಅವನೂ ಅಚ್ಚಿನ ಗೊಂಬೆ ತಗೊಂಡು ಹೋದ್ರೆ, ಚನ್ನಪಟ್ಟಣದ ಹೆಸರಿಗೆ ಕೊಟ್ಟ ದುಡ್ಡು ಲೇತ್ ಮುಂದೆ ಕೂತವರಿಗೆ ಸೇರೋದೇ ಇಲ್ಲ.

ಮುಂದಿನ ಸಲ ಮೈಸೂರಿಗೆ ಹೋಗುವಾಗ ಟೈಮ್ ಇದ್ರೆ ಹಳೇ ರಸ್ತೆ ಹಿಡಿಯಿರಿ. ಊರೊಳಗೆ ಲೇತ್ ಓಡೋ ಕಡೆ ಹೋಗಿ, ಅರಗು ಹಚ್ಚೋದನ್ನ ಒಮ್ಮೆ ನೋಡಿ, ಆಮೇಲೆ ಕೊಳ್ಳಿ.