ಮುಖಕ್ಕೆ ಹಚ್ಚುವ ಅರಿಸಿನ

ಅಮರಕೋಶದಲ್ಲಿ ಅರಿಸಿನಕ್ಕೆ ‘ವರವರ್ಣಿನೀ’ ಎಂಬ ಹೆಸರುಂಟು. ಶ್ರೇಷ್ಠವಾದ ಬಣ್ಣವುಳ್ಳದ್ದೆಂದು ಅದರ ಅರ್ಥ. ಆ ಬಣ್ಣದ ಮೋಹವೇ ಇಂದು ಮೋಸಕ್ಕೆ ದಾರಿಯಾಗಿದೆ. ಪೇಟೆಯ ಕೆಲವು ಪುಡಿಗಳಲ್ಲಿ ಹೊಳಪಿಗಾಗಿ ಮೆಟಾನಿಲ್ ಹಳದಿಯನ್ನೋ ಸೀಸದ ಕ್ರೋಮೇಟನ್ನೋ ಬೆರೆಸುವುದುಂಟು. ಬರಿಗಣ್ಣಿಗೆ ಅದು ತಿಳಿಯದು. ಸೀಸವು ಹೊಟ್ಟೆಗೆ ಸೇರಿದರೆ ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಯೇ ಕುಂಠಿತವಾಗುವುದು. ತಾಯಿಯ ಕೆನ್ನೆಗೆ ಹಚ್ಚಿದುದು ಮಗುವಿನ ಬಾಯಿಗೆ ಹೋಗದೆಂದು ಹೇಳುವವರಾರು?

ಘಟಪ್ರಭೆಯ ನೀರಿನಿಂದ ಅರಿಸಿನ ಬೆಳೆಯುವ ಮೂಡಲಗಿ, ಗೋಕಾಕ ಸೀಮೆಯವರಾದ ನಮಗೆ ಪೇಟೆಯ ಪುಡಿಯ ಹಂಗೇಕೆ? ಬೇಯಿಸಿ ಒಣಗಿಸಿದ, ಮೆರುಗು ಕೊಡದ ಕೊಂಬುಗಳನ್ನು ರೈತರಿಂದಲೇ ತಂದು, ತೊಳೆದು ಒಣಗಿಸಿ, ಕುಟ್ಟಿ, ವಸ್ತ್ರಗಾಳಿತ ಮಾಡಿಕೊಳ್ಳತಕ್ಕದ್ದು.

ಮುಖ ತೊಳೆಯುವ ಪುಡಿಯ ಕ್ರಮವಿದು: ಸಿಪ್ಪೆ ತೆಗೆದ ಹೆಸರುಬೇಳೆಯ ನುಣ್ಣನೆಯ ಹಿಟ್ಟು 4 ಚಮಚೆ, ಅರಿಸಿನ ಒಂದು ಚಿಟಿಕೆ. ಇವೆರಡನ್ನೂ ಬೆರೆಸಿ, ತೇವ ತಾಗದ ಡಬ್ಬಿಯಲ್ಲಿಡಬೇಕು. ಬೇಕಾದಾಗ ಒಂದು ಚಮಚೆಯಷ್ಟನ್ನು ನೀರಿನಲ್ಲಾಗಲಿ, ಒಣಚರ್ಮದವರು ಮೊಸರಿನಲ್ಲಾಗಲಿ ಕಲಸಿ, ಮೆಲ್ಲನೆ ಸವರಿ, ಒಣಗುವ ಮೊದಲೇ ತಣ್ಣೀರಿನಿಂದ ತೊಳೆಯತಕ್ಕದ್ದು. ಹಿಟ್ಟು ಜಿಡ್ಡನ್ನು ಹೀರುವುದು. ಕ್ಷಾರವುಳ್ಳ ಸಾಬೂನಿನಂತೆ ಚರ್ಮವನ್ನು ಬಿರಿಸದು. ನಿಂಬೆಯ ರಸವನ್ನು ಮಾತ್ರ ಬೆರೆಸಕೂಡದು. ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಚರ್ಮವು ಸುಟ್ಟಂತಾಗಿ ಕಪ್ಪು ಕಲೆಗಳು ಉಳಿಯುವುವು. ಮೊದಲ ಸಲ ಮೊಣಕೈಯ ಒಳಭಾಗಕ್ಕೆ ಹಚ್ಚಿ, ಒಂದು ದಿನ ಕಾದು ನೋಡುವುದು ಲೇಸು. ತುರಿಕೆಯೋ ಕೆಂಪೋ ಕಂಡರೆ ಬಿಟ್ಟುಬಿಡಬೇಕು.

ಮನೆಯಲ್ಲಿ ಕುಟ್ಟಿದ ಪುಡಿಯು ಪೇಟೆಯದರಷ್ಟು ಥಳಥಳಿಸದಿದ್ದರೆ ಗೃಹಿಣಿಯರು ಬೇಸರಪಡಬೇಕಾದುದಿಲ್ಲ. ಮಂಕಾಗಿ ಕಂಡರೂ ಅದೇ ನಿಜವಾದ ವರವರ್ಣಿನಿ.