ಬರಿಹೊಟ್ಟೆಯ ಸಕ್ಕರೆ

"ರಾತ್ರಿ ಉಂಡಿದ್ದು ಒಂದೇ ಒಂದು ಜೋಳದ ರೊಟ್ಟಿ ರೀ. ಮುಂಜಾನೆ ಬರಿಹೊಟ್ಟೀಲೆ ನೋಡಿಸಿದ್ರ ಶುಗರ್ ನೂರಾ ಎಪ್ಪತ್ತು. ಮಷಿನ್ನೇ ಸರಿ ಇಲ್ಲ ಬಿಡ್ರಿ." ಕುರುಗೋಡಿನ ಚಹಾದಂಗಡಿಯಲ್ಲಿ ಹಿರಿಯರೊಬ್ಬರು ಹೀಗಂದಾಗ ಪಕ್ಕದವರೆಲ್ಲ ಹೌದೆಂದು ತಲೆಯಾಡಿಸಿದರು. ಅವರ ಚಹಾಕ್ಕೆ ಸಕ್ಕರೆ ಇರಲಿಲ್ಲ. ತಟ್ಟೆಯಲ್ಲಿ ಎರಡು ಮಿರ್ಚಿ ಇದ್ದವು. ಮಿರ್ಚಿ ಸಿಹಿ ಅಲ್ಲವಲ್ಲ!

ಮಷಿನ್ ಸರಿಯಾಗಿಯೇ ಇತ್ತು. ಆ ಸಕ್ಕರೆಯಲ್ಲಿ ಬಹುಪಾಲು ರೊಟ್ಟಿಯದಲ್ಲ, ಅವರದೇ ಯಕೃತ್ತಿನದು. ನಾವು ಮಲಗಿದ್ದರೂ ಮಿದುಳಿಗೆ ಗ್ಲೂಕೋಸ್ ಬೇಕು. ಅದಕ್ಕಾಗಿ ಅರವತ್ತು ಕಿಲೋ ತೂಕದವರ ಯಕೃತ್ತು ಗಂಟೆಗೆ ಸುಮಾರು 7 ಗ್ರಾಂ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಒಂದಷ್ಟು ಕೂಡಿಟ್ಟದ್ದು, ಒಂದಷ್ಟು ಆಗಲೇ ತಯಾರಿಸಿದ್ದು. ಈ ಹರಿವು ಹೆಚ್ಚಾಗದಂತೆ ಗೇಟು ಇಳಿಸುವುದು ಇನ್ಸುಲಿನ್. ಯಕೃತ್ತಿನ ಕೋಶದ ಹೊರಪೊರೆಯಲ್ಲಿರುವ ರಿಸೆಪ್ಟರಿಗೆ ಅದು ಕೂತಿತೆಂದರೆ ಒಳಗಿನ ಪ್ರೋಟೀನುಗಳು ಒಂದರಿಂದೊಂದಕ್ಕೆ 'ಸಾಕು' ಎಂಬ ಸುದ್ದಿ ದಾಟಿಸುತ್ತವೆ.

ಕೊಬ್ಬಿನಾಮ್ಲ ತುಂಬಿದ ಕೋಶದಲ್ಲಿ ಆ ಸುದ್ದಿ ಬಾಗಿಲಲ್ಲೇ ನಿಲ್ಲುತ್ತದೆ. ಕೊಬ್ಬಿನಾಮ್ಲಗಳು ಸುಡುವುದಕ್ಕಿಂತ ಬೇಗ ಬಂದು ಸೇರಿದರೆ ಕೋಶ ಅವನ್ನು ಟ್ರೈಗ್ಲಿಸರೈಡ್ ಮಾಡಿ ಹನಿಹನಿಯಾಗಿ ಕಟ್ಟಿಡುತ್ತದೆ. ಆ ಹನಿ ಅಷ್ಟೇನೂ ಕೆಟ್ಟದ್ದಲ್ಲ. ತೊಂದರೆ ಕೊಡುವುದು ಕಟ್ಟುವ ದಾರಿಯ ನಡುವೆ ಉಳಿದುಬಿಡುವ ಡೈಅಸೈಲ್‌ಗ್ಲಿಸರಾಲ್. ಅದು ಪೊರೆಯಲ್ಲಿ ಶೇಖರವಾದಾಗ ಪಿಕೆಸಿ-ಎಪ್ಸಿಲಾನ್ ಎಂಬ ಕಿಣ್ವ ಅಲ್ಲಿಗೆ ಬಂದು ಇನ್ಸುಲಿನ್ ರಿಸೆಪ್ಟರಿನ ಒಂದು ಜಾಗಕ್ಕೆ ಫಾಸ್ಫೇಟ್ ಅಂಟಿಸುತ್ತದೆ, ರಿಸೆಪ್ಟರ್ ಮಂಕಾಗುತ್ತದೆ. ಆ ಜಾಗ ಯಾವುದೆಂದು 2016ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೆರಾಲ್ಡ್ ಶುಲ್ಮನ್ ತಂಡ ತೋರಿಸಿತು. ಅದೊಂದನ್ನೇ ಬದಲಿಸಿದ ಇಲಿಗಳಿಗೆ ಕೊಬ್ಬು ತಿನ್ನಿಸಿದರೂ ಯಕೃತ್ತು ಇನ್ಸುಲಿನ್ನಿನ ಮಾತು ಕೇಳುತ್ತಿತ್ತು. ಸೆರಮೈಡ್ ಎಂಬ ಇನ್ನೊಂದು ಕೊಬ್ಬನ್ನು ಮುಖ್ಯ ಆರೋಪಿ ಎನ್ನುವವರೂ ಇದ್ದಾರೆ. ಅದು ತಯಾರಾಗುವುದು ಪಾಮಿಟಿಕ್ ಆಮ್ಲದಿಂದ. ಪಾಮ್ ಎಣ್ಣೆಯಲ್ಲಿ ಹೆಚ್ಚುಕಡಿಮೆ ಶೇಕಡಾ 44 ಇರುವುದು ಅದೇ.

ಹಾಗಾದರೆ ಎಲ್ಲ ತಪ್ಪೂ ಎಣ್ಣೆಯಲ್ಲಿ ಕರಿದ ಮಿರ್ಚಿಯದೇ? ಅಲ್ಲ. ಕೊಬ್ಬು ತುಂಬಿದ ಯಕೃತ್ತಿರುವ ಒಂಬತ್ತು ಮಂದಿಯಲ್ಲಿ ಆ ಕೊಬ್ಬಿನ ಮೂಲವನ್ನು ಅಮೆರಿಕದ ಸಂಶೋಧಕರು 2005ರಲ್ಲಿ ಲೆಕ್ಕ ಹಾಕಿದ್ದರು. ಊಟದಿಂದ ನೇರವಾಗಿ ಬಂದದ್ದು ಸುಮಾರು ಶೇಕಡಾ 15. ಹೊಟ್ಟೆ, ಸೊಂಟದಲ್ಲಿ ಕೂಡಿಟ್ಟದ್ದು ಕರಗಿ ರಕ್ತದ ಮೂಲಕ ಬಂದದ್ದು ಶೇಕಡಾ 59. ಮಿಕ್ಕ 26ನ್ನು ಯಕೃತ್ತೇ ಹಿಟ್ಟು, ಸಕ್ಕರೆಯ ಅಂಶದಿಂದ ತಯಾರಿಸಿತ್ತು.

"ಅಂದ್ರ ಅನ್ನನೂ ಎಣ್ಣಿ ಆಗ್ತೈತೇನ್ರಿ?"

ಆಗುತ್ತದೆ. ಜೋಳವೂ ಹೆಚ್ಚಾದರೆ ಬಿಡುವುದಿಲ್ಲ. ಆದರೆ ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಸಿರುಗುಪ್ಪ, ಕುರುಗೋಡು ಕಡೆಯ ಎರೆಹೊಲ ಭತ್ತದ ಗದ್ದೆಯಾಯಿತು, ಗಂಗಾಳದಲ್ಲಿ ಅನ್ನದ ರಾಶಿ ದೊಡ್ಡದಾಯಿತು, ಹೊಲದ ಕೆಲಸಕ್ಕೆ ಟ್ರ್ಯಾಕ್ಟರ್ ಬಂತು. ವಿಚಿತ್ರವೆಂದರೆ, ಸಕ್ಕರೆ ಬಿಡಬೇಡ ಎಂಬ ಇನ್ಸುಲಿನ್ ಆಜ್ಞೆಗೆ ಕಿವುಡಾದ ಯಕೃತ್ತು, ಕೊಬ್ಬು ಮಾಡು ಎಂಬ ಅದರದೇ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸುತ್ತಿರುತ್ತದೆ. ಸಕ್ಕರೆ ಏರಿದಷ್ಟೂ ಇನ್ಸುಲಿನ್ ಏರುತ್ತದೆ, ಅದರಿಂದ ಕೊಬ್ಬು ಇನ್ನಷ್ಟು.

ಈ ಸುತ್ತು ಬೇಗ ಕಳಚುತ್ತದೆ ಎನ್ನುವುದೇ ನನಗೆ ಬೆರಗು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ರಾಯ್ ಟೇಲರ್ ತಂಡ 2011ರಲ್ಲಿ ಹನ್ನೊಂದು ಮಧುಮೇಹಿಗಳ ಮಾತ್ರೆ ನಿಲ್ಲಿಸಿ, ತಮ್ಮ ಕಣ್ಗಾವಲಿನಲ್ಲೇ ದಿನಕ್ಕೆ ಸುಮಾರು 600 ಕ್ಯಾಲೊರಿಯ ಪಥ್ಯ ಕೊಟ್ಟಿತು. (ಮನೆಯಲ್ಲಿ ತಾವಾಗಿಯೇ ಮಾಡುವ ಕೆಲಸವಲ್ಲ ಇದು.) ಒಂದೇ ವಾರಕ್ಕೆ ತೂಕ ನಾಲ್ಕು ಕಿಲೋ ಇಳಿದಿತ್ತು, ಯಕೃತ್ತಿನ ಕೊಬ್ಬು ಶೇಕಡಾ 30. ಬರಿಹೊಟ್ಟೆಯ ಸಕ್ಕರೆ ಸರಾಸರಿ 166ರಿಂದ 106ಕ್ಕೆ ಬಂದಿತ್ತು.

ಹಿರಿಯರು ಎರಡನೇ ಮಿರ್ಚಿಯನ್ನು ನನ್ನ ಕಡೆ ಸರಿಸಿದರು.